ತಿರುಗುವ ಡಿಶ್: ಕಂಬ ನೆಟ್ಟಗಿದ್ದರೆ ಮಿಕ್ಕಿದ್ದು ಸಲೀಸು

ಚಂದನ ವಾಹಿನಿ, ಒಂದಿಷ್ಟು ಹಿಂದಿ ಸಿನಿಮಾ ಇಷ್ಟಿದ್ದರೆ ಸಾಕು ಎನ್ನುವವರಿಗೆ ಈ ಲೇಖನ ಬೇಡ. ಡಿಡಿ ಫ್ರೀ ಡಿಶ್‌ಗೆ ಎರಡಡಿಯ ತಟ್ಟೆಯೊಂದನ್ನು ತಾರಸಿಯಲ್ಲಿ ಬಿಗಿದು ಕೈತೊಳೆದುಕೊಳ್ಳಬಹುದು. ತಿಂಗಳ ಶುಲ್ಕವೂ ಇಲ್ಲ. ಇದು ಒಂದೇ ಉಪಗ್ರಹಕ್ಕೆ ಮನಸ್ಸು ತುಂಬದವರಿಗೆ, ರಿಮೋಟ್ ಒತ್ತಿದೊಡನೆ ತಾರಸಿಯ ಡಿಶ್ ಗುರ್ರೆಂದು ಹೊರಳಿ ಬೇರೊಂದು ಉಪಗ್ರಹದತ್ತ ಮುಖ ಮಾಡಬೇಕು ಎಂಬ ಹುಚ್ಚಿನವರಿಗೆ. ನನಗೂ ಆ ಹುಚ್ಚಿದೆ. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ನೆತ್ತಿಯಲ್ಲಿ, 35,786 ಕಿ.ಮೀ. ಎತ್ತರದಲ್ಲಿ ಸಾಲಾಗಿ ನಿಂತಿವೆ. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳು ತಮ್ಮ ಜಾಗ ಬಿಟ್ಟು ಅಲೆಯದಂತೆ ನೋಡಿಕೊಳ್ಳುವವರು ಹಾಸನದ ನಿಯಂತ್ರಣ ಕೇಂದ್ರದವರು. ನೆಲದಿಂದ ನೋಡಿದರೆ ಆ ಸಾಲು ದಕ್ಷಿಣದ ಆಕಾಶದಲ್ಲಿ ಒಂದು ಕಮಾನು. ಬೆಂಗಳೂರಿನಲ್ಲಿ ಆ ಕಮಾನಿನ ನೆತ್ತಿ ಸುಮಾರು 75 ಡಿಗ್ರಿ ಎತ್ತರದಲ್ಲಿದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಉಪಗ್ರಹದ ಜಾಗವನ್ನು ಈ ರೇಖಾಂಶದ ಅಂಕಿಯಿಂದಲೇ ಹೇಳುವುದು ರೂಢಿ. ನಮಗೆ ಅದು 66 ಡಿಗ್ರಿ ಎತ್ತರದಲ್ಲಿ, ಆಗ್ನೇಯಕ್ಕೆ ಸಿಗುತ್ತದೆ. 105.5 ಡಿಗ್ರಿಯಷ್ಟು ದೂರದ ಉಪಗ್ರಹವೂ 54 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಪಕ್ಕದ ಮನೆಯ ನೀರಿನ ಟ್ಯಾಂಕು ನಮಗೆ ಅಷ್ಟಾಗಿ ಅಡ್ಡಬಾರದು. ತೆಂಗಿನ ಮರದ ಮಾತು ಬೇರೆ.

ಏನೇನು ಕೊಳ್ಳಬೇಕು

ಸಿ-ಬ್ಯಾಂಡ್, ಅಂದರೆ ಕಡಿಮೆ ಆವರ್ತನದ ಪ್ರಸಾರ ಹಿಡಿಯುವ ಎಂಟಡಿಯ ಡಿಶ್ ಹಾಕಿದರೆ ಹೆಚ್ಚು ವಾಹಿನಿಗಳು ಸಿಗುತ್ತವೆ ನಿಜ. ಆದರೆ ಅದನ್ನು ತಳ್ಳಲು 36 ವೋಲ್ಟ್‌ನ ಆ್ಯಕ್ಚುಯೇಟರ್ ಎಂಬ ತಳ್ಳುಕೋಲು, ಅದನ್ನು ನಡೆಸಲು ಒಂದು ಪ್ರತ್ಯೇಕ ಪೊಸಿಷನರ್ ಪೆಟ್ಟಿಗೆ, ಗಾಳಿಗೆ ಅಲುಗದ ಕಾಂಕ್ರೀಟ್ ಬುಡ ಎಲ್ಲವೂ ಬೇಕು. ಮೊದಲ ಸಲಕ್ಕೆ ಹೆಚ್ಚು ಆವರ್ತನದ ಕೆಯು-ಬ್ಯಾಂಡ್‌ಗೆ 90 ಸೆಂ.ಮೀ. ಡಿಶ್, ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ಮತ್ತು ಕಂಬಕ್ಕೆ ಕಚ್ಚಿಕೊಂಡು ರಿಸೀವರ್‌ನ ಆಜ್ಞೆಯನ್ನು ಕೇಬಲ್ಲಿನಲ್ಲೇ ಕೇಳುವ ಡೈಸೆಕ್ ಮೋಟರ್ ಸಾಕು. ಈ ಮೋಟರ್‌ಗೆ ಬೇರೆ ವಿದ್ಯುತ್ ಬೇಡ. ರಿಸೀವರ್‌ನಿಂದ ಬರುವ ಕೇಬಲ್ಲಿನಲ್ಲೇ 13 ಅಥವಾ 18 ವೋಲ್ಟ್ ಹರಿಯುತ್ತದೆ. ಡಿಟಿಎಚ್ ಕಂಪನಿಗಳು ಕೊಡುವ ಪೆಟ್ಟಿಗೆ ಇಲ್ಲಿ ಕೆಲಸಕ್ಕೆ ಬಾರದು. ಡಿವಿಬಿ-ಎಸ್2 ಎಂಬ ಉಪಗ್ರಹ ಪ್ರಸಾರದ ಮಾನಕ ತಿಳಿದ, ಮೋಟರ್ ಎಷ್ಟು ತಿರುಗಬೇಕೆಂದು ತಾನೇ ಲೆಕ್ಕ ಹಾಕುವ 'ಯುಸಾಲ್ಸ್' ಸೌಲಭ್ಯವಿರುವ ಫ್ರೀ-ಟು-ಏರ್ (ಬೀಗವಿಲ್ಲದ ವಾಹಿನಿಗಳ) ರಿಸೀವರನ್ನೇ ಕೇಳಿ ತನ್ನಿ. ಮೋಟರ್ ಕೊಳ್ಳುವಾಗ ಅದರ ಅಕ್ಷಾಂಶದ ಅಳತೆಪಟ್ಟಿ 13 ಡಿಗ್ರಿಯವರೆಗೆ ಇಳಿಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಕಂಬ

ಇಡೀ ಕೆಲಸದ ಜೀವ ಇದು. ದಪ್ಪ ಗೋಡೆಯ ಜಿಐ ಪೈಪನ್ನು ಬುಡದ ಪ್ಲೇಟಿಗೆ ಬೆಸುಗೆ ಹಾಕಿಸಿ, ತಾರಸಿಗೆ ಆ್ಯಂಕರ್ ಬೋಲ್ಟ್ ಹೊಡೆದು ನಿಲ್ಲಿಸಿ. ನಿಲ್ಲಿಸಿದ ಮೇಲೆ ರಸಮಟ್ಟವನ್ನು ಕಂಬದ ಒಂದೇ ಬದಿಗೆ ಹಿಡಿದು ಸಮಾಧಾನಪಟ್ಟುಕೊಳ್ಳಬೇಡಿ. ನಾನು ಮಾಡಿದ್ದು ಅದೇ ತಪ್ಪು. ಪೂರ್ವ ಬದಿಗೆ ಹಿಡಿದಾಗ ಗುಳ್ಳೆ ನಟ್ಟನಡುವೆ ಇತ್ತು, ಖುಷಿಯಾಗಿ ಕೆಳಗಿಳಿದೆ. ಸಂಜೆ 93.5ರಲ್ಲಿ ಚಿತ್ರ ಬಂತು, 83 ಡಿಗ್ರಿಯ ಉಪಗ್ರಹಕ್ಕೆ ತಿರುಗಿಸಿದರೆ ಸಿಗ್ನಲ್ಲೇ ಇಲ್ಲ. ಎರಡು ಭಾನುವಾರ ರಿಸೀವರ್‌ನ ಮೆನುವಿನಲ್ಲೇ ಕಳೆದ ಮೇಲೆ, ಕೆಳಮನೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಮೇಲೆ ಬಂದು ತೂಗುಗುಂಡು ಇಳಿಬಿಟ್ಟರು. ದಕ್ಷಿಣದ ಬದಿಯಲ್ಲಿ ದಾರಕ್ಕೂ ಪೈಪಿಗೂ ನಡುವೆ ತುದಿಯಲ್ಲಿ ಒಂದು ಭತ್ತದಷ್ಟು ಸಂದು, ಬುಡದಲ್ಲಿ ಮೂರು ಭತ್ತದಷ್ಟು. "ಸ್ವಾಮಿ, ಎರಡು ಕಡೆ ನೋಡದೆ ನಾವು ಬಾಗಿಲ ಚೌಕಟ್ಟನ್ನೂ ನಿಲ್ಲಿಸುವುದಿಲ್ಲ" ಎಂದರು. ಬುಡದ ಬೋಲ್ಟಿನ ಕೆಳಗೆ ಎರಡು ವಾಷರ್ ತುರುಕಿದ್ದೇ ತಡ, 83 ಕೂಡ ಸಿಕ್ಕಿತು.

ದಕ್ಷಿಣ

ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಪಕ್ಕ ಹಿಡಿದರೆ ಅದು ಹೇಳುವುದು ಸುಳ್ಳು. ನೆರಳನ್ನು ನಂಬಿ. ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ 12 ಗಂಟೆಗಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 77.6ರಲ್ಲಿ. ಆದ್ದರಿಂದ ನಮ್ಮ ನಿಜವಾದ ಮಧ್ಯಾಹ್ನ ಸರಾಸರಿ 12.20ಕ್ಕೆ, ಫೆಬ್ರುವರಿ ನಡುವಿನಲ್ಲಿ 12.34ರವರೆಗೂ ತಡವಾಗುತ್ತದೆ, ನವೆಂಬರ್ ಮೊದಲಲ್ಲಿ 12.03ಕ್ಕೇ ಆಗಿಬಿಡುತ್ತದೆ. ಆ ಗಳಿಗೆಯಲ್ಲಿ ಕಂಬದ ನೆರಳಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದೇ ಉತ್ತರ-ದಕ್ಷಿಣ. ಒಂದು ಎಚ್ಚರಿಕೆ: ಏಪ್ರಿಲ್ 24ರ ಆಸುಪಾಸಿನಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ಎರಡು ಶೂನ್ಯ ನೆರಳಿನ ದಿನಗಳಲ್ಲಂತೂ ಗೆರೆ ಎಳೆಯಲು ನೆರಳೇ ಇರುವುದಿಲ್ಲ.

ಮೋಟರ್, ಡಿಶ್, ಕೇಬಲ್

ಮೋಟರ್ ಸೊನ್ನೆಯಲ್ಲಿದೆ ಎಂದು ಖಾತ್ರಿ ಮಾಡಿಕೊಂಡು ಕಂಬಕ್ಕೆ ಸಿಕ್ಕಿಸಿ, ಗೆರೆಯ ನೇರಕ್ಕೆ ದಕ್ಷಿಣಾಭಿಮುಖವಾಗಿ ಹಗುರವಾಗಿ ಬಿಗಿಯಿರಿ. ಅಕ್ಷಾಂಶ ಬೆಂಗಳೂರು, ಮಂಗಳೂರಿಗೆ 13, ಕಲಬುರಗಿಗೆ 17ಕ್ಕಿಂತ ತುಸು ಹೆಚ್ಚು. ಕೆಲವು ಮೋಟರ್‌ಗಳ ಪಟ್ಟಿ ಅಕ್ಷಾಂಶದ ಬದಲು ಎತ್ತರವನ್ನು ತೋರಿಸುತ್ತದೆ. ಹಾಗಿದ್ದರೆ 90ರಲ್ಲಿ 13 ಕಳೆದು 77ಕ್ಕೆ ಇಡಬೇಕು. ಡಿಶ್ ಕೂರುವ ಬಾಗಿದ ಕೊಳವೆಯ ಕೋನ ಕೈಪಿಡಿಯಲ್ಲಿರುತ್ತದೆ. ಅದರಿಂದ ನಮ್ಮ ಅಕ್ಷಾಂಶದ ತಿದ್ದುಪಡಿ 2.3 ಡಿಗ್ರಿ ಕಳೆಯಿರಿ. ಕೊಳವೆ 30 ಡಿಗ್ರಿ ಬಾಗಿದ್ದರೆ ಡಿಶ್‌ನ ಬ್ರಾಕೆಟ್ 27.7ಕ್ಕೆ. ಎಲ್‌ಎನ್‌ಬಿಯನ್ನು ಓರೆ ಮಾಡದೆ ನೇರವಾಗಿಯೇ ಇಡಿ, ಓರೆಯನ್ನು ಮೋಟರ್ ತಾನೇ ನೋಡಿಕೊಳ್ಳುತ್ತದೆ.

ಕೇಬಲ್ ಆರ್‌ಜಿ-6 ಇರಲಿ, ನಡುವಿನ ತಂತಿ ಅಪ್ಪಟ ತಾಮ್ರದ್ದಾಗಿರಲಿ. ತಾಮ್ರದ ಲೇಪವಿರುವ ಉಕ್ಕಿನ ತಂತಿ ಉದ್ದವಾದಷ್ಟೂ ವೋಲ್ಟೇಜ್ ನುಂಗುತ್ತದೆ, ಮೋಟರ್ ನಡುದಾರಿಯಲ್ಲಿ ನಿಲ್ಲುತ್ತದೆ. ರಿಸೀವರ್‌ನಿಂದ ಬಂದ ಕೇಬಲ್ ಮೋಟರಿನ 'ರಿಸೀವರ್' ಎಂಬ ಕಿವಿಗೆ, ಅಲ್ಲಿಂದ ತುಂಡು ಕೇಬಲ್ ಎಲ್‌ಎನ್‌ಬಿಗೆ. ಡಿಶ್ ಎರಡೂ ತುದಿಗೆ ತಿರುಗಿದಾಗ ಎಳೆದಾಡದಷ್ಟು ಸಡಿಲ ಬಿಡಿ. ಜೋಡಿಸುವಾಗ ರಿಸೀವರ್‌ನ ಪ್ಲಗ್ ಗೋಡೆಯಿಂದ ಕಿತ್ತಿರಬೇಕು.

ರಿಸೀವರ್ ಮುಂದೆ

ಮೆನುವಿನಲ್ಲಿ ಎಲ್‌ಎನ್‌ಬಿ ಆವರ್ತನ 9750/10600, ಮೋಟರ್ 'ಯುಸಾಲ್ಸ್', ಜಾಗ 77.6 ಪೂರ್ವ, 13.0 ಉತ್ತರ ಎಂದು ಕೊಡಿ. ಉತ್ತರದ ಬದಲು ದಕ್ಷಿಣ ಎಂದು ಬಿದ್ದರೆ ಡಿಶ್ ತಪ್ಪು ದಿಕ್ಕಿಗೆ ಹೊರಳುತ್ತದೆ, ಹಾಗಾಗುವುದು ಅಪರೂಪವೇನಲ್ಲ. ಈಗ 93.5ಕ್ಕೆ ಹೋಗು ಎನ್ನಿ. ನಮ್ಮ ರೇಖಾಂಶದಿಂದ ಅದು ಸುಮಾರು 16 ಡಿಗ್ರಿ ಆಚೆ, ಆದರೆ ಮೋಟರ್ ತಿರುಗುವುದು 18.6 ಡಿಗ್ರಿ. ನಾವಿರುವುದು ಭೂಮಿಯ ನಡುಮಧ್ಯದಲ್ಲಲ್ಲ, ಮೇಲ್ಮೈಯಲ್ಲಿ. ಆ ಲೆಕ್ಕವನ್ನು ರಿಸೀವರ್ ತಾನೇ ಮಾಡುತ್ತದೆ.

ಫ್ರೀ ಡಿಶ್‌ನ ಒಂದು ಪ್ರಸಾರದ ವಿವರವಾದ ಆವರ್ತನ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು ಒಬ್ಬರನ್ನು ಟಿವಿ ಮುಂದೆ ಕೂರಿಸಿ ನೀವು ತಾರಸಿಗೆ ಹೋಗಿ. ಪರದೆಯ ಎರಡು ಪಟ್ಟಿಗಳಲ್ಲಿ 'ಸ್ಟ್ರೆಂತ್' ನೋಡಬೇಡಿ ಎಂದು ಮೊದಲೇ ಹೇಳಿ. ಅದು ಖಾಲಿ ಆಕಾಶಕ್ಕೂ ಏರುತ್ತದೆ. 'ಕ್ವಾಲಿಟಿ' ಏರಿದಾಗ ಮಾತ್ರ ಕೂಗಬೇಕು. ಮೋಟರಿನ ಸಮೇತ ಡಿಶ್ಶನ್ನು ಕಂಬದ ಸುತ್ತ ಕೂದಲೆಳೆಯಷ್ಟೇ ಹೊರಳಿಸುತ್ತಾ ಹೋಗಿ. ಡಿಶ್ಶನ್ನು ಮಾತ್ರ ಮೋಟರಿನ ಮೇಲೆ ತಿರುಗಿಸಬಾರದು.

ಸಿಕ್ಕ ಮೇಲೆ 83 ಮತ್ತು 95 ಡಿಗ್ರಿಗೆ ಕಳಿಸಿ ನೋಡಿ. ಅಲ್ಲಿನ ಡಿಟಿಎಚ್ ವಾಹಿನಿಗಳು ಬೀಗ ಹಾಕಿದವು, ಅವನ್ನು ಕದ್ದು ನೋಡುವಂತಿಲ್ಲ. ಆದರೆ ಕ್ವಾಲಿಟಿ ಪಟ್ಟಿಗೆ ಬೀಗವಿಲ್ಲ. ಒಂದು ಕಡೆ ಕಡಿಮೆ ಬಂದರೆ ಡಿಶ್‌ನ ಕೆಳಅಂಚನ್ನು ಬೆರಳಲ್ಲಿ ಮೆಲ್ಲಗೆ ಮೇಲಕ್ಕೊತ್ತಿ, ನಂತರ ಕೆಳಕ್ಕೆಳೆಯಿರಿ. ಎಲ್ಲ ಉಪಗ್ರಹಗಳಿಗೂ ಒಂದೇ ಕಡೆ ಒತ್ತಬೇಕಾದರೆ ಡಿಶ್‌ನ ಎತ್ತರ ತಪ್ಪಿದೆ. ಪೂರ್ವದ್ದಕ್ಕೆ ಮೇಲೆ, ಪಶ್ಚಿಮದ್ದಕ್ಕೆ ಕೆಳಗೆ ಎಂದಾದರೆ ದಕ್ಷಿಣ ತಪ್ಪಿದೆ, ಇಲ್ಲವೇ ಕಂಬ ವಾಲಿದೆ.

ಏಪ್ರಿಲ್-ಮೇ ಗುಡುಗಿಗೆ ಕೇಬಲ್ ಕಿತ್ತಿಡಿ, ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಇನ್ನು ಮಾರ್ಚ್ ನಡುವಿನ ಕೆಲವು ದಿನ ಬೆಳಿಗ್ಗೆ 11.15ರ ಸುಮಾರಿಗೆ, ಸೆಪ್ಟೆಂಬರ್ ಕೊನೆಗೆ 11ರ ಸುಮಾರಿಗೆ ಫ್ರೀ ಡಿಶ್ ಚಿತ್ರ ಕೆಲವು ನಿಮಿಷ ಒಡೆದುಹೋದರೆ ಸ್ಪ್ಯಾನರ್ ಹಿಡಿದು ಮೇಲೆ ಓಡಬೇಡಿ. ಆಗ ಸೂರ್ಯ ಸರಿಯಾಗಿ ಜಿಸ್ಯಾಟ್-15ರ ಬೆನ್ನಿಗೆ ಬಂದಿರುತ್ತಾನೆ.