ಒಣ ಚರ್ಮಕ್ಕೆ ನಾನೇ ಮಾಡಿಕೊಳ್ಳುವ ಲೋಶನ್

ಸ್ನಾನ ಮುಗಿಸಿ ಹತ್ತು ನಿಮಿಷ ಆಗುವಷ್ಟರಲ್ಲಿ ನನ್ನ ಕಾಲಿನ ಚರ್ಮ ಬಿಗಿಯುತ್ತಿತ್ತು. ಉಗುರು ತಾಗಿದರೆ ಸಾಕು, ಬಿಳಿ ಗೆರೆ ಮೂಡುತ್ತಿತ್ತು. ಚಳಿಗಾಲ ಬಂತೆಂದರೆ ಹಿಮ್ಮಡಿ ಒಡೆದು, ನಡೆಯುವಾಗಲೂ ನೋವು. ಕೊಂಡು ತಂದ ಕೆಲವು ಲೋಶನ್‌ಗಳ ಪರಿಮಳ ನನ್ನ ಚರ್ಮಕ್ಕೆ ಆಗುತ್ತಿರಲಿಲ್ಲ. ಹಚ್ಚಿದ ಕಡೆ ಉರಿಯುತ್ತಿತ್ತು. ಪರಿಮಳ ಇಲ್ಲದ್ದನ್ನು ನಾನೇ ಮಾಡಿಕೊಂಡರೆ ಹೇಗೆ ಅಂತ ಅನ್ನಿಸಿದ್ದು ಆಗಲೇ.

ಮೊದಲು ಬರೀ ಎಣ್ಣೆ ಹಚ್ಚಿ ನೋಡಿದೆ. ಕೈಕಾಲು ಮಿಂಚುತ್ತಿತ್ತು, ಆದರೆ ಒಳಗಿನ ಬಿಗಿತ ಹಾಗೇ ಇತ್ತು. ಒಂದು ದಿನ ಅವಸರದಲ್ಲಿ ಮೈ ಸರಿಯಾಗಿ ಒರೆಸಿಕೊಳ್ಳದೆ, ಒದ್ದೆ ಚರ್ಮದ ಮೇಲೆಯೇ ಅದೇ ಎಣ್ಣೆ ಹಚ್ಚಿದೆ. ಸಂಜೆಯವರೆಗೂ ಚರ್ಮ ಮೃದುವಾಗಿತ್ತು. ವಿಷಯ ಅರ್ಥವಾಗಿದ್ದು ಅವತ್ತು. ಒಣ ಚರ್ಮಕ್ಕೆ ಬೇಕಾಗಿರುವುದು ನೀರು. ಎಣ್ಣೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ಮೇಲಿನಿಂದ ಮುಚ್ಚಿಡುತ್ತದೆ. ಇವೆರಡನ್ನೂ ಒಂದೇ ಬಾಟಲಿಯಲ್ಲಿ ಸೇರಿಸಿದರೆ ಅದೇ ಲೋಶನ್.

ಸೇರಿಸುವುದೇ ಕಷ್ಟ. ನನ್ನ ಮೊದಲ ಪ್ರಯತ್ನದಲ್ಲಿ ಜೇನುಮೇಣ, ಎಣ್ಣೆ, ನೀರು ಮೂರೇ ಇದ್ದವು. ಬಿಸಿ ಮಾಡಿ ಚೆನ್ನಾಗಿ ಕಡೆದೆ. ಬೆಳ್ಳಗೆ, ನೊರೆನೊರೆಯಾಗಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಹಾಲು ಒಡೆದ ಹಾಗೆ ಒಡೆದಿತ್ತು. ಮೇಲೆ ಮೇಣದ ಗಂಟುಗಳು, ಕೆಳಗೆ ನೀರು. ಜೇನುಮೇಣ ಮಿಶ್ರಣವನ್ನು ಗಟ್ಟಿ ಮಾಡುತ್ತದೆಯೇ ಹೊರತು, ನೀರನ್ನೂ ಎಣ್ಣೆಯನ್ನೂ ಗಟ್ಟಿಯಾಗಿ ಹಿಡಿದಿಡುವ ಶಕ್ತಿ ಅದೊಂದಕ್ಕೇ ಇಲ್ಲ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ಹೇಳುವ ಹಳೆಯ ಕೋಲ್ಡ್ ಕ್ರೀಮ್ ಕೂಡ ಮೇಣ, ಎಣ್ಣೆ, ನೀರು ಕಡೆದು ಮಾಡಿದ್ದೇ. ಹಚ್ಚಿದಾಗ ಅದರಲ್ಲಿನ ನೀರು ಆರಿ ತಣ್ಣಗಾಗುತ್ತಿದ್ದರಿಂದಲೇ ಆ ಹೆಸರು. ಆದರೆ ನನಗೆ ಬೇಕಿದ್ದದ್ದು ವಾರಗಟ್ಟಲೆ ಒಡೆಯದೆ ಇರುವ ಲೋಶನ್. ಅದಕ್ಕೆ ಎಮಲ್ಸಿಫೈಯಿಂಗ್ ವ್ಯಾಕ್ಸ್ ಬೇಕು. ಇದರ ಕಣದ ಒಂದು ತುದಿ ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ಎಣ್ಣೆಗೆ.

ಎರಡನೇ ಸಲ ಈ ವ್ಯಾಕ್ಸ್ ಹಾಕಿದೆ. ನೀರಿನ ಬದಲು ಕುಂಡದಲ್ಲಿದ್ದ ಲೋಳೆಸರದ ತಿರುಳನ್ನು ರುಬ್ಬಿ ಸೇರಿಸಿದೆ. ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಮನೆಯವರಿಗೆಲ್ಲ ಹಚ್ಚಿದೆ. ಎಂಟನೇ ದಿನ ಮುಚ್ಚಳ ತೆಗೆದಾಗ ಹುಳಿ ವಾಸನೆ, ಅಂಚಿನಲ್ಲಿ ಕಪ್ಪು ಬೂಷ್ಟು. ಅಷ್ಟನ್ನೂ ಚೆಲ್ಲಿದೆ. ಚೆಲ್ಲಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ: ಬೂಷ್ಟು ಕಣ್ಣಿಗೆ ಬೀಳುವ ಮೊದಲೇ ಕ್ರಿಮಿ ಬೆಳೆದಿರುತ್ತದೆ. ಅದನ್ನೇ ಬಿರುಕು ಬಿಟ್ಟ ಚರ್ಮಕ್ಕೆ ಹಚ್ಚಿದ್ದೆವು.

ಆದ್ದರಿಂದ ಈ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನೀರು ಇರುವ ಲೋಶನ್‌ಗೆ ಪ್ರಿಸರ್ವೇಟಿವ್, ಅಂದರೆ ಕ್ರಿಮಿ ಬೆಳೆಯದಂತೆ ತಡೆಯುವ ವಸ್ತು, ಬೇಕೇ ಬೇಕು. 'ನ್ಯಾಚುರಲ್' ಅನ್ನುವ ಮಾತಿಗೆ ಕಟ್ಟುಬಿದ್ದು ಇದನ್ನು ಬಿಡಬೇಡಿ. ವಿಟಮಿನ್ ಇ ಹಾಕಿದರೆ ಸಾಕು ಅಂತ ತುಂಬ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಅದು ಎಣ್ಣೆ ಕಮಟಾಗುವುದನ್ನು ತಡಮಾಡುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ, ಬೂಷ್ಟು ಎರಡನ್ನೂ ತಡೆಯುವುದಿಲ್ಲ. ನಾನು ಈಗ ಬಳಸುವುದು ಬೆಂಜೈಲ್ ಆಲ್ಕೊಹಾಲ್ ಮತ್ತು ಡಿಹೈಡ್ರೊಅಸೆಟಿಕ್ ಆಸಿಡ್ ಸೇರಿದ ಪ್ರಿಸರ್ವೇಟಿವ್. ಯಾವುದನ್ನೇ ತಂದರೂ ಅದರ ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ, ಕಡಿಮೆಯೂ ಮಾಡಬೇಡಿ. ಲೋಳೆಸರದ ತಿರುಳು, ಹೂವು ನೆನೆಸಿದ ನೀರು ಇಂಥವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಕ್ರಿಮಿಗಳಿಗೆ ಅದು ಊಟ ಬಡಿಸಿದ ಹಾಗೆ.

ಈಗ ನನ್ನ ಅಳತೆ, 100 ಗ್ರಾಂ ಲೋಶನ್‌ಗೆ. ಡಿಸ್ಟಿಲ್ಡ್ ವಾಟರ್ 70 ಗ್ರಾಂ, ಗ್ಲಿಸರಿನ್ 4, ಸೂರ್ಯಕಾಂತಿ ಎಣ್ಣೆ 15, ಶಿಯಾ ಬಟರ್ (ಶಿಯಾ ಮರದ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) 4, ಎಮಲ್ಸಿಫೈಯಿಂಗ್ ವ್ಯಾಕ್ಸ್ 6, ಪ್ರಿಸರ್ವೇಟಿವ್ 1. ಎಲ್ಲವನ್ನೂ ತೂಗಬೇಕು. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಒಂದು ಚಮಚ ಗ್ಲಿಸರಿನ್‌ನ ತೂಕವೇ ಬೇರೆ, ಒಂದು ಚಮಚ ಎಣ್ಣೆಯದೇ ಬೇರೆ. ಒಂದು ಗ್ರಾಂಗಿಂತ ಕಡಿಮೆಯನ್ನೂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತಂದುಕೊಂಡ ಮೇಲೆಯೇ ನನ್ನ ಲೋಶನ್ ಪ್ರತಿ ಸಲವೂ ಒಂದೇ ಥರ ಬರತೊಡಗಿತು.

ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳ್ಳೆಯದು ಅಂತ ಒಮ್ಮೆ 10 ಗ್ರಾಂ ಹಾಕಿದ್ದೆ, ಕೈ ಅಂಟಂಟಾಗಿ ಬಾಗಿಲ ಹಿಡಿ ಮುಟ್ಟಲೂ ಹಿಂಸೆಯಾಗುತ್ತಿತ್ತು. ಎಣ್ಣೆಯ ವಿಷಯದಲ್ಲಿ ನಾನು ಮೊದಲು ಆಲಿವ್ ಎಣ್ಣೆಯ ಪರ ಇದ್ದೆ. ಆದರೆ ಅದರಲ್ಲಿ ಒಲೀಕ್ ಆಮ್ಲ ಜಾಸ್ತಿ, ಅದು ಚರ್ಮದ ಮೇಲ್ಪದರವನ್ನು ಸಡಿಲ ಮಾಡುತ್ತದೆ. ಒಣ ಚರ್ಮಕ್ಕೆ ಅದು ಬೇಡ. ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚಿರುತ್ತದೆ, ಮೇಲ್ಪದರ ಗಟ್ಟಿಯಾಗಿರಲು ಅದು ಬೇಕು. 'ಹೈ ಒಲೀಕ್' ಅಂತ ಬರೆದಿರುವ ಸೂರ್ಯಕಾಂತಿ ಎಣ್ಣೆಯೂ ಸಿಗುತ್ತದೆ, ಅದನ್ನು ತರಬೇಡಿ.

ಎರಡು ಗಾಜಿನ ಪಾತ್ರೆ ಬೇಕು. ಒಂದರಲ್ಲಿ ನೀರು, ಗ್ಲಿಸರಿನ್. ಇನ್ನೊಂದರಲ್ಲಿ ಎಣ್ಣೆ, ಶಿಯಾ, ವ್ಯಾಕ್ಸ್. ಎರಡನ್ನೂ ಅಗಲವಾದ ಬಾಣಲೆಯ ಬಿಸಿನೀರಿನಲ್ಲಿ ಇಟ್ಟು 70 ಡಿಗ್ರಿ ಸೆಲ್ಸಿಯಸ್‌ಗೆ ತರುತ್ತೇನೆ. ಎರಡೂ ಒಂದೇ ಬಿಸಿಯಲ್ಲಿರಬೇಕು. ನೀರು ತಣ್ಣಗಿದ್ದರೆ ವ್ಯಾಕ್ಸ್ ತಕ್ಷಣ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. ಕಾಯುವಾಗ ಸ್ವಲ್ಪ ನೀರು ಆವಿಯಾಗುತ್ತದಲ್ವಾ, ಆದ್ದರಿಂದ ನೀರಿನ ಪಾತ್ರೆಯನ್ನು ಮತ್ತೆ ತೂಗಿ, ಕಡಿಮೆಯಾದಷ್ಟು ಬಿಸಿ ಡಿಸ್ಟಿಲ್ಡ್ ವಾಟರ್ ಸೇರಿಸುತ್ತೇನೆ.

ಆಮೇಲೆ ನೀರನ್ನು ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರ್‌ನಲ್ಲಿ ಕಡೆಯುವುದು. ನಾನು ತುಂಬ ಇಷ್ಟಪಡುವ ಘಳಿಗೆ ಇದು. ಹಳದಿ ಎಣ್ಣೆ ಕಣ್ಣೆದುರೇ ಹಾಲಿನಂತೆ ಬೆಳ್ಳಗಾಗುತ್ತದೆ. ಬ್ಲೆಂಡರ್‌ನ ತಲೆ ಪೂರ್ತಿ ಮುಳುಗಿರಬೇಕು, ಇಲ್ಲದಿದ್ದರೆ ಗಾಳಿ ಸೇರಿ ನೊರೆಯಾಗುತ್ತದೆ. ಒಂದೇ ಸಮನೆ ಕಡೆಯುವುದೂ ಬೇಡ. ಅರ್ಧ ನಿಮಿಷ ಕಡೆದು, ಎರಡು ನಿಮಿಷ ಚಮಚದಲ್ಲಿ ಕೈಯಾಡಿಸಿ, ಮತ್ತೆ ಅರ್ಧ ನಿಮಿಷ. ಹೀಗೆ ನಾಲ್ಕೈದು ಸಲ. ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟುಕೊಂಡರೆ ಬೇಗ ಆರುತ್ತದೆ. ಶಿಯಾ ಬಟರ್ ನಿಧಾನವಾಗಿ ಆರಿದರೆ ಕೆಲವೊಮ್ಮೆ ಮರಳಿನ ಹಾಗೆ ತರಿತರಿಯಾಗುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಪ್ರಿಸರ್ವೇಟಿವ್ ಸೇರಿಸುತ್ತೇನೆ. ಆಗ ಇನ್ನೂ ತೆಳ್ಳಗೇ ಇರುತ್ತದೆ, ಗಾಬರಿಯಾಗಿ ಇನ್ನಷ್ಟು ವ್ಯಾಕ್ಸ್ ಹಾಕಬೇಡಿ. ಮರುದಿನಕ್ಕೆ ಸರಿಯಾದ ಹದ ಬರುತ್ತದೆ.

ಎಷ್ಟು ಆಮ್ಲೀಯ ಅಂತ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, ಲೋಶನ್‌ನ ಪಿಎಚ್ 5ರಿಂದ 5.5ರ ಒಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಚರ್ಮವೂ ಸ್ವಲ್ಪ ಆಮ್ಲೀಯವೇ. ಜಾಸ್ತಿ ಬಂದರೆ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಒಂದೆರಡು ಹನಿ ಸಾಕು. ನಿಂಬೆರಸ, ಅಡುಗೆ ಸೋಡಾ ಯಾವತ್ತೂ ಬೇಡ.

ಬಾಟಲಿ, ಪಾತ್ರೆ, ಬ್ಲೆಂಡರ್ ಎಲ್ಲವನ್ನೂ ಮೊದಲೇ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿರುತ್ತೇನೆ. ಒಲೆ ಆರಿಸಿದ ಮೇಲೆಯೇ ಸ್ಪಿರಿಟ್ ಮುಟ್ಟಿ. ಡಬ್ಬಿಗಿಂತ ಪಂಪ್ ಬಾಟಲಿ ವಾಸಿ, ಬೆರಳು ಒಳಗೆ ಹೋಗುವುದಿಲ್ಲ. ಮೇಲೆ ತಾರೀಕು ಬರೆದು, ಮೂರು ತಿಂಗಳಲ್ಲಿ ಮುಗಿಸುತ್ತೇನೆ.

ಹೊಸದಾಗಿ ಮಾಡಿದ್ದನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಕೆಂಪಾಗದಿದ್ದರೆ ಮಾತ್ರ ಮೈಗೆ. ಸ್ನಾನವಾದ ತಕ್ಷಣ, ಚರ್ಮ ಇನ್ನೂ ತೇವವಾಗಿದ್ದಾಗ ಹಚ್ಚಿದರೆ ಕಡಿಮೆ ಲೋಶನ್ ಸಾಕು. ಬಿರುಕಿನಿಂದ ರಕ್ತ ಬರುತ್ತಿದ್ದರೆ, ತುರಿಕೆ ನಿಲ್ಲದಿದ್ದರೆ ಮನೆ ಲೋಶನ್ ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಸಲಕರಣೆ ಇಲ್ಲದವರಿಗೆ, ನೀರೇ ಇಲ್ಲದ ಮುಲಾಮು ಸುಲಭ. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಎಣ್ಣೆ, ಬಿಸಿನೀರಿನ ಮೇಲಿಟ್ಟು ಕರಗಿಸಿ ಡಬ್ಬಿಗೆ ಸುರಿದರೆ ಮುಗಿಯಿತು. ಒದ್ದೆ ಕೈ ಹಾಕದಿದ್ದರೆ ಪ್ರಿಸರ್ವೇಟಿವ್ ಬೇಕಿಲ್ಲ. ನನ್ನ ಹಿಮ್ಮಡಿಗೆ ಇವತ್ತಿಗೂ ಇದೇ. ರಾತ್ರಿ ಕಾಲು ನೆನೆಸಿ, ಮೆಲ್ಲಗೆ ಒತ್ತಿ ಒರೆಸಿ, ಇದನ್ನು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗುತ್ತೇನೆ. ಮುಲಾಮು ತೀರಾ ಗಟ್ಟಿ ಅನ್ನಿಸಿದರೆ ಮತ್ತೆ ಕರಗಿಸಿ ಸ್ವಲ್ಪ ಎಣ್ಣೆ ಸೇರಿಸಿದರಾಯಿತು.