ಮೇಲುಕೋಟೆ ಸವಾರಿಗೆ ಜಿಪಿಎಕ್ಸ್ ಫೈಲು: ನನ್ನ ಅನುಭವ

ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ ತುಳಿದುಕೊಂಡು ಹೋಗಿ ಪುಳಿಯೋಗರೆ ತಿಂದು ಬರುವುದು ನಮ್ಮ ಗುಂಪಿನ ಇಷ್ಟದ ಸವಾರಿ. ಒಂದು ಕಡೆಗೆ ಸುಮಾರು 50 ಕಿಲೋಮೀಟರ್. ದಾರಿ ಗುರುತು ಮಾಡಿ ಎಲ್ಲರಿಗೂ ಕಳಿಸುವ ಕೆಲಸ ನನ್ನದು. ಒಬ್ಬರ ಬಳಿ ಗಾರ್ಮಿನ್ ಜಿಪಿಎಸ್ ಸಾಧನ, ಇನ್ನೊಬ್ಬರು ಕೊಮೂಟ್ ಆ್ಯಪ್ ಬಳಸುವವರು, ಉಳಿದವರದು ಬರೀ ಫೋನು. ಹಾಗಾಗಿ ಆ್ಯಪ್‌ಗಳ ಲಿಂಕ್ ಕಳಿಸುವ ಗೋಜಿಗೆ ಹೋಗುವುದಿಲ್ಲ. ದಾರಿಯನ್ನು ಬಿಂದುಗಳ ಸಾಲಾಗಿ ಹಿಡಿದಿಡುವ ಜಿಪಿಎಕ್ಸ್ ಫೈಲನ್ನೇ ಕೊಡುತ್ತೇನೆ. 2002ರಿಂದ ಇರುವ ನಮೂನೆ ಅದು, ಹೆಚ್ಚುಕಡಿಮೆ ಎಲ್ಲ ಕಡೆ ತೆರೆಯುತ್ತದೆ.

ದಾರಿ ಬಿಡಿಸಲು ಜಿಪಿಎಕ್ಸ್ ಸ್ಟುಡಿಯೋ ಅನ್ನುವ ತಾಣ ಸಾಕು. ಬ್ರೌಸರಿನಲ್ಲೇ ನಡೆಯುತ್ತದೆ, ಖಾತೆ ಬೇಡ, ದುಡ್ಡೂ ಇಲ್ಲ. ಸೈಕಲ್ ಆಯ್ಕೆ ಮಾಡಿ ನಕ್ಷೆಯ ಮೇಲೆ ಕ್ಲಿಕ್ ಮಾಡುತ್ತಾ ಹೋದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆ ಹಿಡಿದು ಗೆರೆ ತಾನೇ ಬೆಳೆಯುತ್ತದೆ.

ಗಮನ ಕೊಡಬೇಕಾದ ಜಾಗ ಮೈಸೂರು–ಶ್ರೀರಂಗಪಟ್ಟಣದ ನಡುವೆ ಇದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಸೈಕಲ್ ಯಾವುದೂ ಇಳಿಯುವಂತಿಲ್ಲ. ನಮಗೆ ಸರ್ವಿಸ್ ರಸ್ತೆಯೇ ಗತಿ. ಆದರೆ ನಕ್ಷೆಯಲ್ಲಿ ಎರಡೂ ಅಂಟಿಕೊಂಡೇ ಓಡುತ್ತವೆ. ದೂರದಿಂದ ನೋಡಿ ಕ್ಲಿಕ್ ಮಾಡಿದರೆ ಗೆರೆ ಯಾವುದರ ಮೇಲೆ ಕೂರುತ್ತದೋ ಹೇಳಲಾಗದು. ಹಾಗಾಗಿ ಚೆನ್ನಾಗಿ ಜೂಮ್ ಮಾಡಿ, ಉಪಗ್ರಹ ಚಿತ್ರ ಹಾಕಿಕೊಂಡು, ಅಲ್ಲಲ್ಲಿ ಒಂದೊಂದು ಬಿಂದು ಇಟ್ಟು ಗೆರೆಯನ್ನು ಸರ್ವಿಸ್ ರಸ್ತೆಗೆ ಎಳೆಯುತ್ತೇನೆ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಅದಕ್ಕೇ ಎರಡು ಫೈಲು. ಒಂದೇ ಫೈಲಿನಲ್ಲಿ ಹೋಗುವ ಗೆರೆ, ಬರುವ ಗೆರೆ ಒಂದರ ಮೇಲೊಂದು ಬಿದ್ದರೆ ತಿರುವಿನಲ್ಲಿ ಸಾಧನಕ್ಕೂ ಗೊಂದಲ, ಸವಾರನಿಗೂ ಗೊಂದಲ.

ಉಳಿಸುವಾಗ ಟ್ರ್ಯಾಕ್ ಆಗಿಯೇ ಉಳಿಸಬೇಕು. ರೂಟ್ ಅಂದರೆ ಕೆಲವೇ ಬಿಂದುಗಳು, ನಡುವಿನ ದಾರಿಯನ್ನು ಸಾಧನ ತನಗೆ ತೋಚಿದಂತೆ ಹುಡುಕಿಕೊಳ್ಳಬಹುದು. ಆಗ ನಾವು ಪಟ್ಟ ಪಾಡೆಲ್ಲ ವ್ಯರ್ಥ, ಮತ್ತೆ ಹೆದ್ದಾರಿಗೇ ಹತ್ತಿಸಿದರೂ ಆಶ್ಚರ್ಯವಿಲ್ಲ. ಟ್ರ್ಯಾಕ್‌ನಲ್ಲಿ ಬಿಂದುಗಳು ಒತ್ತೊತ್ತಾಗಿ ಇರುತ್ತವೆ, ಗೆರೆ ಇದ್ದ ಹಾಗೇ ಇರುತ್ತದೆ.

ಆಮೇಲೆ ವೇಪಾಯಿಂಟ್‌ಗಳು, ಅಂದರೆ ಹೆಸರಿಟ್ಟು ಗುರುತು ಮಾಡುವ ಜಾಗಗಳು: ಶ್ರೀರಂಗಪಟ್ಟಣದಲ್ಲಿ ತಿಂಡಿ, ಪಾಂಡವಪುರದಲ್ಲಿ ನೀರು, ಜಕ್ಕನಹಳ್ಳಿಯಲ್ಲಿ ತಿರುವು. ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಕೆಲವು ಸಾಧನಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಬೇಜಾರಿನ ಸಂಗತಿ, ಏನು ಮಾಡೋದು.

ಏರು ಎಷ್ಟು ಮೀಟರ್ ಅಂತ ಪ್ರತಿ ಸಲ ಚರ್ಚೆ ಆಗುತ್ತದೆ. ಒಂದೇ ಫೈಲಿಗೆ ಒಂದೊಂದು ತಾಣ ಒಂದೊಂದು ಲೆಕ್ಕ ಕೊಡುತ್ತದೆ. ಎತ್ತರದ ಮಾಹಿತಿ ಬೇರೆ ಬೇರೆ, ಸಣ್ಣ ಏರಿಳಿತಗಳನ್ನು ಸವರುವ ರೀತಿಯೂ ಬೇರೆ. ನಾನು ಅಂಕಿ ನೋಡುವುದೇ ಇಲ್ಲ, ಗ್ರಾಫ್ ನೋಡುತ್ತೇನೆ. ಕೊನೆಗೆ ಮೇಲುಕೋಟೆಯ ಬೆಟ್ಟ ಹತ್ತಬೇಕು ಅನ್ನುವುದು ಅದರಲ್ಲೇ ಕಾಣುತ್ತದಲ್ವಾ?

ಹಿಂದೆ ರೆಕಾರ್ಡ್ ಮಾಡಿದ ಸವಾರಿಯನ್ನೇ ಹಂಚುವುದಾದರೆ ಎರಡೂ ತುದಿ ಕತ್ತರಿಸುತ್ತೇನೆ. ಇಲ್ಲದಿದ್ದರೆ ಮನೆ ಬಾಗಿಲು, ಹೊರಟ ಹೊತ್ತು ಎಲ್ಲವೂ ಫೈಲಿನಲ್ಲಿ ಹೋಗುತ್ತದೆ. 2018ರಲ್ಲಿ, ಸವಾರಿ-ಓಟ ದಾಖಲಿಸುವ ಆ್ಯಪ್ ಸ್ಟ್ರಾವಾ ಎಲ್ಲರ ಓಡಾಟವನ್ನು ಒಟ್ಟಿಗೆ ತೋರಿಸುವ ಹೀಟ್‌ಮ್ಯಾಪ್‌ನಲ್ಲಿ ಸೇನಾ ನೆಲೆಗಳೇ ಎದ್ದು ಕಂಡಿದ್ದವು, ನಮ್ಮ ಮನೆ ಯಾವ ಲೆಕ್ಕ!

ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಆಯಿತು. ಬರೀ ಫೋನ್ ಇರುವವರಿಗೆ ಓಸ್ಮ್‌ಆ್ಯಂಡ್ ಅನ್ನುವ ನಕ್ಷೆ ಆ್ಯಪ್ ಹಾಕಿಸಿ, ಕರ್ನಾಟಕದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಲು ಹೇಳುತ್ತೇನೆ, ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಗೂಗಲ್ ಮ್ಯಾಪ್ಸೇ ಬೇಕು ಅನ್ನುವವರಿಗೆ ಫೈಲನ್ನು ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿ ಲಿಂಕ್ ಕೊಡುತ್ತೇನೆ. ಗೆರೆ ಕಾಣುತ್ತದೆ, ಆದರೆ 'ಎಡಕ್ಕೆ ತಿರುಗಿ' ಅಂತ ಹೇಳುವುದಿಲ್ಲ.

ಎಲ್ಲ ಫೈಲುಗಳೂ ಒಂದು ಡ್ರೈವ್ ಫೋಲ್ಡರಿನಲ್ಲಿವೆ, ಹೆಸರಿನಲ್ಲೇ ದಿನಾಂಕ. ಎಲ್ಲೋ ರಸ್ತೆ ಅಗೆದಿದ್ದಾರೆ ಅಂತ ಯಾರಾದರೂ ಹೇಳಿದರೆ ಅಷ್ಟು ಭಾಗ ತಿದ್ದಿ ಹೊಸದನ್ನು ಹಾಕಿ, ಹಳೆಯದನ್ನು ಅಳಿಸುತ್ತೇನೆ. ಬಿಟ್ಟರೆ ಒಬ್ಬರಾದರೂ ಹಳೆಯದನ್ನೇ ಹಾಕಿಕೊಂಡು ಬರುತ್ತಾರೆ.