ಬೇಸಿಗೆಯಲ್ಲಿ ಗೆಕ್ಕೊ ಸಾಕಿದವರು ಮೊದಲು ತಂಪು ಮೂಲೆ ನೋಡಿ

ಶಿವಮೊಗ್ಗದಲ್ಲಿ ಏಪ್ರಿಲ್ ಬಿಸಿಲು ಶುರುವಾಯಿತು ಅಂದರೆ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ, ಚುಕ್ಕೆ ಮೈಯ ಹಲ್ಲಿ) ಇರುವ ಗಾಜಿನ ಪೆಟ್ಟಿಗೆಯ ತಂಪು ಮೂಲೆಯನ್ನೇ ಮೊದಲು ನೋಡಿ. ಅಲ್ಲಿ 24ರಿಂದ 26 ಡಿಗ್ರಿ ಇದ್ದರೆ ಒಳ್ಳೆಯದು, ಬಿಸಿ ಕಡೆ ನೆಲ 32ರ ಆಸುಪಾಸು ಸಾಕು. ಮಧ್ಯಾಹ್ನ ರೂಮೇ 34–35 ಆದಾಗ ಪೆಟ್ಟಿಗೆ ಬಿಸಿ ಮಾಡುವ ಹೀಟ್ ಮ್ಯಾಟ್ ಕೂಡ ಉರಿಯುತ್ತಿದ್ದರೆ ಪಾಪ ಗೆಕ್ಕೊ ಎಲ್ಲಿಗೆ ಹೋಗಬೇಕು ಹೇಳಿ? ಬಿಸಿ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ.

ನಾವು ಪೆಟ್ಟಿಗೆಯನ್ನು ಅಟ್ಟದ ರೂಮಿನಿಂದ ಇಳಿಸಿ ಕೆಳಗಿನ ಕೆಂಪು ಗಾರೆ ನೆಲದ ಮೇಲೆ ಇಟ್ಟಿದ್ದೇವೆ. ತುಂಬಾ ಸೆಕೆ ಇದ್ದ ದಿನ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಟವೆಲ್ ಸುತ್ತಿ, ತಂಪು ಕಡೆಯ ಗಾಜಿಗೆ ಹೊರಗಿನಿಂದ ಒರಗಿಸುತ್ತೇನೆ. ಐಸ್ ಒಳಗೆ ಇಡಬೇಡಿ.

ಸೆಕೆ ಅಂತ ಸುಮ್ನೆ ಎಲ್ಲಾ ಕಡೆ ನೀರು ಚಿಮುಕಿಸಬೇಡಿ. ತೇವಾಂಶ 30–40 ಶೇಕಡಾ ಸಾಕು. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಹಾಕಿ ಪೆಟ್ಟಿಗೆಯೊಳಗೆ ಇಡಿ, ಪೊರೆ ಬಿಡುವಾಗ ಗೆಕ್ಕೊ ತಾನೇ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಕಾಲ್ಬೆರಳು ಒಂದೊಂದೇ ನೋಡಿ. ದಾರದ ಹಾಗೆ ಪೊರೆ ಉಳಿದಿದ್ದರೆ ಬೆರಳೇ ಹೋಗಬಹುದು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ.

ಬಾಯಿ ತೆರೆದುಕೊಂಡೇ ಇದ್ದರೆ ತಕ್ಷಣ ತಂಪಿನ ಜಾಗಕ್ಕೆ ತಂದು ಡಾಕ್ಟರಿಗೆ ತೋರಿಸಿ. ಮೊದಲ ಮಳೆ ಬಿದ್ದ ಮೇಲೆ ನಮ್ಮ ಮಲೆನಾಡಲ್ಲಿ ತೇವ ತಾನಾಗೇ ಜಾಸ್ತಿ ಅಲ್ವಾ, ಆಗ ಪೆಟ್ಟಿಗೆ ಮೇಲಿನ ಜಾಲರಿ ಮುಚ್ಚಬೇಡಿ.